ಹೆಸರು ಹೇಳಬಾರದ ಬೇರು

ಹಿತ್ತಾಳೆಯ ಕಲಬತ್ತಿನಲ್ಲಿ ಬೇರು ಕುಟ್ಟುವ ಸದ್ದು: ಟಣ್, ಟಣ್, ಪುಡಿಯಾಗುತ್ತ ಬಂದಂತೆ ಮಂದವಾಗಿ ಧಪ್. ಜೇವರ್ಗಿಯಲ್ಲಿ ಅಕ್ಕನ ಮನೆಗೆ ಹೋದಾಗ ನನಗೆ ಎಚ್ಚರವಾಗುತ್ತಿದ್ದುದು ಅದರಿಂದಲೇ. ಆಳಂದದಿಂದ ಬಸ್ಸು ಬದಲಿಸಿ ಹೋಗಿ ಮಲಗಿದ ನನ್ನಂಥ ಮುದುಕಿಗೆ ಅಂಥ ಅಲಾರಂ ಬೇಕಿರಲಿಲ್ಲ.

ಅಕ್ಕನಿಗೆ ಹಾರ್ಟ್ ವಾಲ್ವ್ ಬದಲಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ, ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ಬ್ಲಡ್ ಟೆಸ್ಟ್. ಜೊತೆಗೆ ಹೋಗುವವಳು ನಾನು. ಬೇರಿನ ಪುಡಿ ಮಾತ್ರ ನೆಲಕ್ಕೆ ಕೂರಲು ಬಿಡದ ಮೊಣಕಾಲು ನೋವಿಗೆ. ಕುರ್ಚಿಯ ಮೇಲೆ ಕೂತು ಮಾಡುವ ಲಿಂಗಪೂಜೆ ಅವಳ ಪಾಲಿಗೆ ಪೂಜೆಯೇ ಅಲ್ಲ. ಔಷಧ ಕೊಡುವ ಕೊಳಕೂರಿನ ಅಜ್ಜ ಬೇರಿನ ಹೆಸರನ್ನು ಅವಳ ಕಿವಿಯಲ್ಲಷ್ಟೇ ಹೇಳಿದ್ದ. ಇನ್ನೊಬ್ಬರ ಮುಂದೆ ಬಾಯಿಬಿಟ್ಟರೆ ಔಷಧ ಹತ್ತುವುದಿಲ್ಲವೆಂದು ನಮ್ಮ ಕಡೆ ನಂಬಿಕೆ. ಕೆಲವೇ ವಾರಗಳಲ್ಲಿ ಅಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅಷ್ಟರಲ್ಲೇ ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರತೊಡಗಿತು.

ಗಾವಠಿ ಔಷಧ, ಬೇರು-ನಾರು ಏನಾದರೂ ತಗೊಳ್ಳುತ್ತೀರಾ ಎಂದು ಡಾಕ್ಟರ್ ಕೇಳಿದಾಗ ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳುವುದು ಸಿನ್, ಪಾಪ ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಒಂದು ಪುಡಿ ಇದೆ ಎಂದೆ.

ಅವರು ಸಿಟ್ಟಾಗದೆ ವಿವರಿಸಿದರು. ಲಿವರಿನಲ್ಲಿ ಎಂಜೈಮ್‌ಗಳಿರುತ್ತವೆ, ನುಂಗಿದ ಮಾತ್ರೆಯನ್ನು ಒಡೆದು ಹೊರಗೆ ಕಳಿಸುವುದು ಅವುಗಳ ಕೆಲಸ. ಕೆಲವು ಬೇರು-ತೊಪ್ಪಲು ಅವುಗಳ ಕೈ ಕಟ್ಟಿಹಾಕುತ್ತವೆ. ನಿನ್ನೆಯ ಮಾತ್ರೆ ಮೈಯಲ್ಲೇ ಉಳಿದು, ಇವತ್ತಿನದು ಅದರ ಮೇಲೆ ಬಿದ್ದು, ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ.

"ಬೇರಿನ ಹೆಸರ ಹೇಳ್ರಿ ಅಮ್ಮಾರ."

"ಹೇಳಿದ್ರ ಹತ್ತಂಗಿಲ್ರಿ. ನಿಮ್ಮ ಗುಳಿಗಿ ಹೆಸರ ಊರಿಗೆಲ್ಲ ಗೊತ್ತದ, ಅದಕ್ಕ ಅದು ಹಿಂಗ ದಿಕ್ಕ ತಪ್ಪ್ಯದ" ಎಂದಳು ಅಕ್ಕ.

ಡಾಕ್ಟರಿಗೂ ನಗು ಬಂತು. ಹಾಗಾದರೆ ಪೂರಾ ಬಿಡಿ, ಇಲ್ಲದಿದ್ದರೆ ತಲೆಯೊಳಗೇ ರಕ್ತ ಸೋರಬಹುದು ಎಂದರು.

ಬಿಟ್ಟಳು. ಕಲಬತ್ತು ಮೂಲೆ ಸೇರಿತು, ರಿಪೋರ್ಟ್ ನಾರ್ಮಲ್ ಆಯಿತು. ಅಕ್ಕ ಮತ್ತೆ ಕುರ್ಚಿಗೆ ಬಂದಳು. ಟೆಸ್ಟಿಗೆ ಹೋಗಿಬರುವ ದಾರಿಯುದ್ದಕ್ಕೂ ನನ್ನ ಮೇಲೆ ಮುನಿಸು. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಕಣ್ಣು ಮುಚ್ಚುತ್ತಿದ್ದೆ. ಆ ವಯಸ್ಸಿಗೆ ಜಗಳಕ್ಕೂ ಎನರ್ಜಿ ಬೇಕು.

ಮುಂದಿನ ಸಲ ಹೋದಾಗ ನಸುಕಿನಲ್ಲೇ ಟಣ್, ಟಣ್. ಎದ್ದು ಕೂರಲೂ ಮನಸ್ಸಾಗಲಿಲ್ಲ. ಹೊರಗೆ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ರಿಪೋರ್ಟ್ ಇಷ್ಟು ಚೆನ್ನಾಗಿ ಬಂದಿತ್ತಲ್ಲ ಅಂದೆ.

"ಕುರ್ಚಿ ಮ್ಯಾಲೆ ಕುಂತ್ರ ರಿಪೋರ್ಟ್ ಛಲೋ ಬರ್ತದ ಬೇ. ಶಿವ ಬರಂಗಿಲ್ಲ."

ಇವತ್ತೇ ಟೆಸ್ಟಿಗೆ ಹೋಗೋಣವೆಂದೆ. ಬರುವ ವಾರ ಎಂದಳು. ಆ ವಾರ ಬರುವ ಮೊದಲೇ, ಡಾಕ್ಟರ್ ಹೆದರಿದ ಹಾಗೇ ಆಗಿ, ಆಳಂದಕ್ಕೆ ಫೋನ್ ಬಂತು. ಅವಳನ್ನು ಮಣ್ಣಿಗೆ ಒಯ್ಯುವ ಹೊತ್ತಿಗೆ ನನ್ನ ಬಸ್ಸು ಇನ್ನೂ ಕಲಬುರಗಿ ದಾಟಿರಲಿಲ್ಲ.

ಹೀಗಾಗಿ ನಾನು ಅಕ್ಕನನ್ನು ಕಡೆಗೆ ನೋಡಿದ್ದು ಆ ಬೆಳಿಗ್ಗೆಯೇ: ಎರಡೂ ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ, ಎಡಗೈಯಲ್ಲಿ ಲಿಂಗ. ನಾನು ಬ್ಯಾಗು ಎತ್ತಿಕೊಂಡಾಗ ಅವಳು ಕಣ್ಣು ತೆರೆಯಲಿಲ್ಲ.