ಪಂಕ್ತಿಗೆ ತಡವಾಗಿ ಬಂದವರು

ಕೂಡ್ಲಿಗಿಯ ಚಹಾದಂಗಡಿ ಓಬಣ್ಣನವರಿಗೆ ತಮ್ಮ ತಾಲ್ಲೂಕು ಹಿಂದುಳಿದಿದೆ ಎಂಬುದೇ ಹೆಮ್ಮೆ. ಹಿಂದುಳಿದ ಪ್ರದೇಶದ ೩೭೧ ಜೆ ಮೀಸಲಾತಿಗೆ ಪಕ್ಕದ ಹರಪನಹಳ್ಳಿಯನ್ನೂ ಆಮೇಲೆ ಸೇರಿಸಿದಾಗಿನಿಂದ ಅವರಿಗೆ ಸಮಾಧಾನವಿಲ್ಲ. ಆ ಕಡೆಯ ಗಿರಾಕಿ ಬಂದರೆ ಸಾಕು, "ನಿಮ್ಮೂರಿಗೆ ರೈಲು ಬರ್ತೈತಿ, ನೀವೆಂಥ ಹಿಂದುಳಿದೋರ್ರಿ? ಪಂಕ್ತಿ ಕುಂತ ಮ್ಯಾಲೆ ಬಂದು ಎಲಿ ಹಾಕ್ಸಿಕೊಂಡೀರಿ" ಎಂದು ಗೊಣಗುತ್ತಾ ಚಹಾವನ್ನು ಅರ್ಧ ಬೆರಳು ಕಡಿಮೆ ಹೊಯ್ಯುತ್ತಾರೆ. ಈ ಸಲ ಮೊಮ್ಮಗಳು ಮಾಲಾಳ ಕೈತಪ್ಪಿದ ಕೂಡ್ಲಿಗಿ ಆಸ್ಪತ್ರೆಯ ನರ್ಸ್ ಕೆಲಸ ಅದೇ ಮೀಸಲಾತಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಹುಡುಗಿಗೆ ಸಿಕ್ಕಿತು. ಮೊನ್ನೆ ಆ ಹುಡುಗಿ ಬಾಡಿಗೆ ರೂಮು ಕೇಳಿಕೊಂಡು ಇವರ ಅಂಗಡಿಗೇ ಬಂದಳು. ಓಬಣ್ಣನವರು ಅವಳ ಕಪ್ಪಿಗೆ ಚಹಾವನ್ನು ಅಂಚಿನವರೆಗೂ ಹೊಯ್ದು, ಹಿಂದಿನ ಮನೆಯತ್ತ ಕೂಗಿದರು: "ಮಾಲಾ, ನಿನ್ನ ಕೋಣ್ಯಾಗ ಇನ್ನೊಂದು ಹಾಸಿಗಿ ಹಾಸವ್ವ. ಎಲಿ ಮುಂದ ಕುಂತೋರ್ನ ಎಬ್ಬಿಸಬಾರ್ದು."