ಓಡು ಅಂದವನು ನಾನೇ

ನಮ್ಮ ಮನೆಯಲ್ಲಿ ದಿನದ ಮೊದಲ ಮಾತು ‘ಓಡು’. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ತಿರುವಿನಲ್ಲಿ ಕೋಚಿಂಗ್ ಸೆಂಟರಿನ ಬಸ್ಸು ಹಾರ್ನ್ ಹೊಡೆಯುವುದಕ್ಕೂ, ನನ್ನ ಮಗಳು ಮೇಘನಾ ಎರಡನೆಯ ಚಪ್ಪಲಿಯನ್ನು ಹುಡುಕಲು ಆರಂಭಿಸುವುದಕ್ಕೂ ದಿನವೂ ಸರಿಹೋಗುತ್ತದೆ. ಆ ಮುಹೂರ್ತಕ್ಕೆ ನಾನು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತು ‘ಓಡು, ಓಡು’ ಎಂದು ಘೋಷಿಸುತ್ತೇನೆ. ಸ್ವತಃ ನಾನು ಓಡಿ ಎಷ್ಟೋ ವರ್ಷಗಳಾದವು. ಐವತ್ತೊಂದರ ವಯಸ್ಸು, ಬ್ಯಾಂಕಿನ ಕುರ್ಚಿ ಮತ್ತು ಹೆಂಡತಿ ಸುಮಾಳ ಕೈರುಚಿ ಮೂರೂ ಸೇರಿ ನನ್ನನ್ನು ಸ್ಥಾವರವಾಗಿಸಿಬಿಟ್ಟಿರುವುದರಿಂದ, ಜಂಗಮಕ್ಕೆ ಸಂಬಂಧಪಟ್ಟ ಕ್ರಿಯಾಪದಗಳನ್ನೆಲ್ಲ ಬೇರೆಯವರಿಗೆ ಹಂಚಿ ನಿಶ್ಚಿಂತನಾಗಿದ್ದೇನೆ.

ಓಟದ ವಿಚಾರದಲ್ಲಿ ಮೇಘನಾ ನನ್ನ ಮಗಳೇ ಹೌದು ಎಂಬುದಕ್ಕೆ ಒಂದು ಕತೆಯುಂಟು. ಅದನ್ನು ಬಂದ ನೆಂಟರಿಗೆಲ್ಲ ಊಟದ ಕೊನೆಗೆ ಬಡಿಸುವುದು ನನ್ನ ವಾಡಿಕೆ. ಅವಳು ವಿಜಯವಾಡದಲ್ಲಿ ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಆಟೋಟದ ದಿನ ಓಟದ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ಹಗ್ಗ ಇನ್ನು ನಾಲ್ಕು ಮಾರು. ನಾನು ಬೇಲಿಯಾಚೆಯಿಂದ ಗಂಟಲು ಹರಿಯುವಂತೆ ಹುರಿದುಂಬಿಸುತ್ತಿದ್ದೆ. ಮಗು ನನ್ನ ಕಡೆ ತಿರುಗಿ ನೋಡಿತು, ನಿಂತಿತು, ಹಿಂದಿನವರೆಲ್ಲ ದಾಟಿ ಹೋಗುವ ತನಕ ಹಾಗೇ ನಿಂತಿತ್ತು. ‘ನಮ್ಮ ವಂಶಕ್ಕೆ ಗುರಿ ಹತ್ತಿರವಾದರೆ ನಿದ್ದೆ ಬರುತ್ತದೆ’ ಎಂದು ನಾನು ಮುಗಿಸುತ್ತೇನೆ, ನೆಂಟರು ನಗುತ್ತಾರೆ, ಮೇಘನಾ ಎದ್ದು ಒಳಗೆ ಹೋಗುತ್ತಾಳೆ. ಹದಿನಾಲ್ಕರ ವಯಸ್ಸಿನವರು ಹಾಗೇ ಎಂದು ನಾನು ತೀರ್ಮಾನಿಸಿದ್ದೆ.

ಮೂರು ವರ್ಷದ ಮಟ್ಟಿಗೆಂದು ಚಿತ್ರದುರ್ಗದಿಂದ ವರ್ಗವಾದ ನಾನು ಆಂಧ್ರಕ್ಕೆ ಬಂದು ಹನ್ನೆರಡು ವರ್ಷವಾಯಿತು: ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣ. ‘ಪರದೇಶಿ’ ಎಂಬ ಪದಕ್ಕೆ ಕನ್ನಡದಲ್ಲಿ ಬೇರೆ ದೇಶದವನು ಎಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಏಕಿದೆ ಎಂಬುದು ವಿಜಯವಾಡದ ಮೊದಲ ವರ್ಷದಲ್ಲೇ ನನಗೆ ಮನದಟ್ಟಾಗಿತ್ತು. ಆಗ ಕೈಹಿಡಿದವರು ಶೇಷಣ್ಣ. ಗವರ್ನರ್‌ಪೇಟೆಯಲ್ಲಿ ಪಾತ್ರೆಯ ಸಗಟು ಅಂಗಡಿ ಇಟ್ಟಿರುವ ಈ ಬಳ್ಳಾರಿಯವರು ತೆಲುಗು ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆನಿಂತು ನಲವತ್ತು ವರ್ಷ ಮೇಲಾಗಿದೆ. ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ವಿಜಯವಾಡದ ಕನ್ನಡಿಗರಿಗೂ ವಿಶಾಖಪಟ್ಟಣದ ಕನ್ನಡಿಗರಿಗೂ ಟೆನಿಸ್ ಚೆಂಡಿನ ಕ್ರಿಕೆಟ್ ಏರ್ಪಡಿಸಿದವರು ಅವರೇ. ಅದಕ್ಕೊಂದು ನಿಯಮವನ್ನೂ ಮಾಡಿದ್ದರು: ಮೈದಾನದಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬಂದರೆ ಒಂದು ರನ್ ಕಡಿತ. ಬ್ಯಾಟು, ಬಾಲು, ರನ್ನು, ಔಟುಗಳಿಗೆ ಮಾತ್ರ ವಿನಾಯಿತಿ. ವರ್ಷವಿಡೀ ಅಡುಗೆಮನೆಯ ಬಾಗಿಲು ದಾಟದ ನನ್ನ ಕನ್ನಡವನ್ನು ಬಯಲಿನಲ್ಲಿ ನಿಂತು ಜೋರಾಗಿ ಕೂಗಲು ಸಿಗುವ ದಿನ ಅದೊಂದೇ. ಅದಿಲ್ಲದೆ ನನಗೆ ವರ್ಷ ಪೂರ್ತಿಯಾಗುವುದಿಲ್ಲ.

ಆದರೆ ವರ್ಗಾವಣೆಯ ಆದೇಶಕ್ಕೆ ಕ್ರಿಕೆಟ್ಟಿನ ಮೇಲೆ ಗೌರವವಿಲ್ಲ. ಈ ಸಲ ನಮ್ಮ ಕಡೆಯ ಮೂವರು ಒಂದೇ ತಿಂಗಳಲ್ಲಿ ಊರು ಬಿಟ್ಟು, ನಾಯಕನಾದ ನನ್ನನ್ನೂ ಸೇರಿಸಿ ಹತ್ತೇ ಜನ ಉಳಿದರು. ಶೇಷಣ್ಣ ಫೋನಿನಲ್ಲಿ ಮೆತ್ತಗೇ ಹೇಳಿದರು: ಎರಡೂ ಕಡೆ ಹನ್ನೊಂದು ಜನ ಕೂಡಿದರೆ ಆಟ, ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿಬಿಡೋಣ, ತಮಗೂ ಎಪ್ಪತ್ತು ದಾಟಿತು, ಓಡಾಡಿ ಜನ ಸೇರಿಸಲು ಆಗುವುದಿಲ್ಲ. ಫೋನಿಟ್ಟ ಮೇಲೆ ನನಗೆ ಕಾಫಿ ಸೇರಲಿಲ್ಲ.

ಹನ್ನೊಂದನೆಯವನು ನಮ್ಮ ಮೇಲಿನ ಮಹಡಿಯಲ್ಲೇ ಇದ್ದ. ಥಾಯ್ಲೆಂಡಿನವನು ಎಂಬುದೊಂದೇ ತೊಡಕು. ಪರವಾಡದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕು ಮಾಡುವ ಯಂತ್ರಗಳನ್ನು ಕೂರಿಸಲು ಬಂದು ಒಂದೂವರೆ ವರ್ಷದಿಂದ ಇಲ್ಲೇ ಇದ್ದವನ ಹೆಸರು ವಿಚಾಯ್. ಅದು ನಮ್ಮ ‘ವಿಜಯ’ವೇ ಎಂದು ತಿಳಿದ ದಿನ ನನಗಾದ ಆನಂದ ಅಷ್ಟಿಷ್ಟಲ್ಲ, ಸಂಸ್ಕೃತ ಸಮುದ್ರ ದಾಟಿ ಹೋಗಿ, ಅಲ್ಲಿ ಮೂಗಿನಲ್ಲಿ ಮಾತಾಡಲು ಕಲಿತು, ನಮ್ಮ ಅಪಾರ್ಟ್‌ಮೆಂಟಿಗೆ ವಾಪಸು ಬಂದಿತ್ತು. ಅವನ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೆ ಕಂಪನಿ ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ಕೂತು ಕೂತು ಅವನು ತೆಲುಗು ಕಲಿತಿದ್ದ. ಹನ್ನೆರಡು ವರ್ಷದಲ್ಲಿ ನಾನು ಕಲಿತದ್ದಕ್ಕಿಂತ ಚೆನ್ನಾಗಿ. ಹೀಗಾಗಿ ನಾವಿಬ್ಬರೂ ಮಾತಾಡಬೇಕಾದರೆ ಮೇಘನಾ ನಡುವೆ ನಿಲ್ಲಬೇಕಾಗುತ್ತಿತ್ತು.

ಥಾಯ್ ಜನಾಂಗಕ್ಕೆ ಕ್ರಿಕೆಟ್ಟನ್ನು ಧಾರೆಯೆರೆಯುವ ಬಗ್ಗೆ ನಮ್ಮ ಮನೆಯ ಟೆರೇಸಿನ ಮೇಲೆ ಉಪ್ಪಿಟ್ಟಿನ ಸಮ್ಮುಖದಲ್ಲಿ ಒಂದು ಭಾನುವಾರವಿಡೀ ಚರ್ಚೆ ನಡೆಯಿತು. ನಾಲ್ಕು ದಿನದ ಪ್ಯಾಕೇಜಿನಲ್ಲಿ ಬ್ಯಾಂಕಾಕಿಗೆ ಹೋಗಿ ಬಂದು, ಆ ದೇಶದ ಬಗ್ಗೆ ಕೊನೆಯ ಮಾತು ಹೇಳುವ ಹಕ್ಕು ಪಡೆದಿದ್ದ ಧಾರವಾಡದ ಪಾಟೀಲ, ನನ್ನ ಸಹೋದ್ಯೋಗಿ, ಅಧ್ಯಕ್ಷನಾದ. ಅಷ್ಟು ನಯವಾದ ಜನ ‘ಹೌಜ್ಯಾಟ್’ ಎಂದು ಹೇಗೆ ಅರಚಿಯಾರು ಎಂದು ಒಬ್ಬರು ಕೇಳಿದರು. ಕೈಮುಗಿದು ಮೆಲ್ಲಗೆ ವಿಚಾರಿಸಿದರೆ ಯಾವ ಅಂಪೈರ್ ತಾನೇ ಇಲ್ಲ ಅಂದಾನು ಎಂದು ಪಾಟೀಲ ವಾದಿಸಿದ. ಕಾಲಲ್ಲೇ ಬೆತ್ತದ ಚೆಂಡಾಡಿ ಬೆಳೆದವನಿಗೆ ಎಲ್‌ಬಿಡಬ್ಲ್ಯೂ ವಿವರಿಸುವ ಹೊಣೆಯನ್ನು ಯಾರೂ ಹೊರಲಿಲ್ಲ. ಇಷ್ಟು ಹೊತ್ತೂ ವಿಚಾಯ್ ಉಪ್ಪಿಟ್ಟು ತಿನ್ನುತ್ತ ಮುಗುಳ್ನಗುತ್ತಿದ್ದ. ಕೊನೆಗೆ ಮೇಘನಾಳ ಮೂಲಕ ಒಂದೇ ಪ್ರಶ್ನೆ ಕೇಳಿದ: ಒಂದು ಕಡೆಯ ಇಬ್ಬರು ಆಡುವಾಗ ಉಳಿದ ಒಂಬತ್ತು ಜನ ನೆರಳಲ್ಲಿ ಕೂತಿರಬಹುದೇ? ಹೌದೆಂದಾಗ, ಇದು ಬಹಳ ವಿವೇಕದ ಆಟ ಎಂದು ಒಪ್ಪಿಕೊಂಡ.

ಕನ್ನಡದ ನಿಯಮವೊಂದು ಬಾಕಿಯಿತ್ತು. ಅದನ್ನೂ ಪಾಟೀಲನೇ ಪರಿಹರಿಸಿದ.

“ಬ್ಯಾರೆ ಭಾಷಾ ಆಡಬಾರದು ಅಂತ ಐತ್ರೀ. ಸುಮ್ಮನ ಇರಬಾರದು ಅಂತ ಎಲ್ಲೈತಿ?”

ವಿಚಾಯ್‌ನಷ್ಟು ಸೊಗಸಾಗಿ ಸುಮ್ಮನಿರುವವರು ಕನ್ನಡಿಗರಲ್ಲಿ ಸಿಗುವುದು ದುರ್ಲಭ. ಶೇಷಣ್ಣನೂ ನಗುತ್ತ ಒಪ್ಪಿದರು, ಆಟ ಉಳಿಯಿತು.

ತಾಲೀಮು ನಡೆದದ್ದು ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ. ಎದುರು ಗೋಡೆಗೆ ಬಡಿದರೆ ನಾಲ್ಕು, ಪಕ್ಕದ ಗೋಡೆಗೆ ಎರಡು. ಅಲ್ಲಿ ಓಡುವ ಪ್ರಸಂಗವೇ ಇರಲಿಲ್ಲ. ಬೋಧನೆಯೆಲ್ಲ ಮೇಘನಾಳ ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಅಪ್ಪಣೆ ಕೊಡಿಸುವುದು, ಅವಳು ತೆಲುಗಿಗೆ ಇಳಿಸುವುದು. ನಡುನಡುವೆ ‘ಮೊಣಕೈ ಅಂದ್ರೆ ಯಾವ್ದಪ್ಪಾ, ಇದಾ?’ ಎಂದು ಅವಳು ಕೇಳಿದಾಗ, ಇಷ್ಟೂ ಕನ್ನಡ ಬರುವುದಿಲ್ಲವಲ್ಲ ಎಂದು ನಾನು ಎಲ್ಲರೆದುರು ಗದರುತ್ತಿದ್ದೆ. ತೆಲುಗು ಅವಳ ಊರಿನ ಭಾಷೆ, ಕನ್ನಡ ಅವಳ ಊಟದ ಭಾಷೆ ಎಂದು ಸುಮಾ ಸಮಾಧಾನ ಹೇಳಿದರೂ ನನಗೆ ಒಳಗೊಳಗೇ ಅವಮಾನ.

ಶನಿವಾರ ರೈಲು ಹಿಡಿದು ವಿಜಯವಾಡಕ್ಕೆ ಹೋದೆವು. ಭಾನುವಾರ ಬೆಳಿಗ್ಗೆ ಆಟ. ವಿವರಗಳಿಂದ ನಿಮ್ಮನ್ನು ದಣಿಸುವುದಿಲ್ಲ. ಕೊನೆಯ ಎಸೆತಕ್ಕೆ ನಮಗೆ ಗೆಲ್ಲಲು ಎರಡು ರನ್ ಬೇಕಿತ್ತು, ಒಂಬತ್ತು ಜನ ಔಟಾಗಿದ್ದರು, ಬ್ಯಾಟು ಹಿಡಿದು ನಿಂತವನು ವಿಚಾಯ್, ಎದುರು ತುದಿಯಲ್ಲಿ ನಾನು. ಹೊಸಬ ಬೀಸಿದ ಬೀಸಿಗೆ ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ ಬೇವಿನ ಮರದ ಬುಡಕ್ಕೆ ಉರುಳಿತು. ಎರಡಲ್ಲ, ಮೂರು ಓಡಬಹುದಿತ್ತು. ಅಪ್ಪಿತಪ್ಪಿ ಇಂಗ್ಲಿಷ್ ಬಾಯಿಗೆ ಬಂದೀತೆಂದು ಎಚ್ಚರವಹಿಸಿ, ಶುದ್ಧ ಕನ್ನಡದಲ್ಲಿ, ಇಡೀ ವಿಜಯವಾಡಕ್ಕೆ ಕೇಳುವಂತೆ ‘ಓಡು! ಓಡು!’ ಎನ್ನುತ್ತ ನನ್ನ ಸ್ಥಾವರ ದೇಹವನ್ನು ಹೊತ್ತು ನುಗ್ಗಿದೆ.

ವಿಚಾಯ್ ಓಡಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿದ, ಅರ್ಥವಾಯಿತೆಂಬಂತೆ ತಲೆದೂಗಿದ, ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶೇಷಣ್ಣನ ಕಡೆ ತಿರುಗಿ ಕೈಮುಗಿದು ನಿಂತುಬಿಟ್ಟ. ನಾನು ಏದುಸಿರು ಬಿಡುತ್ತ ಅವನ ಪಕ್ಕ ತಲುಪುವ ವೇಳೆಗೆ ಅವರ ಹುಡುಗರು ನಿಧಾನವಾಗಿ ಚೆಂಡು ತಂದು, ನಾನು ಬಿಟ್ಟು ಬಂದ ತುದಿಯ ವಿಕೆಟ್ಟನ್ನು ಬೀಳಿಸಿದರು. ಔಟಾದವನು ನಾನು. ಸೋತೆವು.

ಮೈದಾನದಾಚೆ ಕೂತಿದ್ದ ಮೇಘನಾ ತಲೆಯ ಮೇಲೆ ಕೈಹೊತ್ತು ಓಡಿ ಬಂದಳು. ಅವಳು ಕೇಳಿದ್ದಕ್ಕೆ ವಿಚಾಯ್ ತೆಲುಗಿನಲ್ಲಿ ಶಾಂತವಾಗಿ, “ಸಾರ್ ಓಡಿಪೊಮ್ಮನ್ನಾರು ಕದಾ” ಎಂದ. ಸೋತುಹೋಗು ಎಂದು ಸಾರ್ ಹೇಳಿದರಲ್ಲವೇ ಎಂದು ಅದರ ಅರ್ಥ. ತೆಲುಗಿನಲ್ಲಿ ‘ಓಡು’ ಅಂದರೆ ಸೋಲು. ನಮ್ಮ ಓಟಕ್ಕೆ ಅವರಲ್ಲಿ ‘ಪರಿಗೆತ್ತು’ ಎನ್ನಬೇಕು. ಎದುರು ಪಕ್ಷದ ಯಜಮಾನರು ಹಿರಿಯರು, ಊರೂ ಅವರದು, ಅವರೆದುರು ಸೋಲುವುದೇ ಮರ್ಯಾದೆ ಎಂದು ನಾಯಕರು ಕೊನೆಯ ಗಳಿಗೆಯಲ್ಲಿ ನೆನಪಿಸಿದರು ಎಂದು ಅವನು ಭಾವಿಸಿದ್ದ. ಇಂಥ ಸಂಸ್ಕಾರವಂತ ಆಟವನ್ನು ತಾನು ನೋಡಿಯೇ ಇರಲಿಲ್ಲ ಎಂದೂ ಸೇರಿಸಿದ. ವಿಜಯವಾಡದಲ್ಲಿ ವಿಜಯನಿಗೆ ಸೋಲು ಎಂದು ಆಜ್ಞಾಪಿಸಿದ ಕೀರ್ತಿ ನನ್ನದಾಯಿತು. ತೆಲುಗು ಪತ್ರಿಕೆಗಳಲ್ಲಿ ಇಂಥ ಅಭ್ಯರ್ಥಿ ‘ಓಡಿಪೋಯಾರು’ ಎಂದು ಓದಿದಾಗಲೆಲ್ಲ, ಫಲಿತಾಂಶ ಕೇಳಿ ಊರು ಬಿಟ್ಟು ಓಡಿಹೋದರು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಎಷ್ಟೋ ಸಲ ಸಂದರ್ಭಕ್ಕೆ ಅದೂ ಹೊಂದುತ್ತಿದ್ದುದರಿಂದ ಅನುಮಾನ ಬಂದಿರಲಿಲ್ಲ.

ಶೇಷಣ್ಣ ಕುರ್ಚಿಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟರು.

“ಇದು ಲೆಕ್ಕಕ್ಕಿಲ್ಲ ಮ್ಯಾನೇಜರ್ರೇ. ನನ್ನ ನಿಯಮದಿಂದ್ಲೇ ಸೋತ್ರಿ. ಬರೋ ವರ್ಷ ಇನ್ನೊಂದ್ಸಲ ಆಡ್ಬೇಕು, ಈ ಕೂಸು ನಡುವೆ ನಿಂತು ಎರಡೂ ಭಾಷೆ ಕೂಗ್ಲಿ.”

ಕೂಸು ಅಂದದ್ದು ಮೇಘನಾಳಿಗೆ. ಸೋತು ಇಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮಧ್ಯಾಹ್ನದ ರೈಲಿನಲ್ಲಿ ಹಿಂದಿರುಗುವಾಗ ಪಾಟೀಲ ಬೋಗಿಯ ತುಂಬ ಈ ಕತೆಯನ್ನು ಹಂಚುತ್ತಿದ್ದ. ವಿಚಾಯ್ ತನ್ನ ತಪ್ಪಿಗೆ ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಗೋದಾವರಿಯ ಸೇತುವೆ ದಾಟುವಾಗ ಕಿಟಕಿಯ ಪಕ್ಕ ಕೂತಿದ್ದ ಮೇಘನಾ ನನ್ನ ಕಡೆ ತಿರುಗದೆಯೇ ಹೇಳಿದಳು.

“ಅಪ್ಪಾ, ನಾನೂ ಅವತ್ತು ಅದಕ್ಕೇ ನಿಂತಿದ್ದು.”

ಯಾವತ್ತು ಎಂದು ಕೇಳುವ ಮೊದಲೇ ನನಗೆ ಬೇಲಿ, ಹಗ್ಗ, ಆರು ವರ್ಷದ ಮಗು ಎಲ್ಲ ಕಣ್ಣೆದುರಿಗೆ ಬಂದವು. ಓಡಿಪೋಯಿನಾ ಏಡವಕೂಡದು, ಸೋತರೂ ಅಳಬಾರದು ಎಂದು ಟೀಚರು ಆ ಬೆಳಿಗ್ಗೆಯೆಲ್ಲ ತೆಲುಗಿನಲ್ಲಿ ಹೇಳಿಕೊಟ್ಟಿದ್ದರಂತೆ. ಮನೆಯಲ್ಲಿ ನಮ್ಮ ಬಾಯಲ್ಲಿ ಬರುತ್ತಿದ್ದದ್ದು ‘ಓಡ್ಬೇಡ’ ಒಂದೇ. ಅದು ಹುಷಾರು ಎನ್ನುವ ಮಾತೆಂದು ಅವಳು ತಿಳಿದಿದ್ದಳು. ಗೆಲ್ಲುವುದಕ್ಕೆ ನಾಲ್ಕು ಮಾರು ಇರುವಾಗ ಅಪ್ಪ ಬೇಲಿಯಾಚೆಯಿಂದ ‘ಸೋಲು, ಸೋಲು’ ಎಂದು ಅರಚುತ್ತಿದ್ದ. ಏಕೆಂದು ತಿಳಿಯದಿದ್ದರೂ ಅಪ್ಪ ಹೇಳಿದನಲ್ಲ ಎಂದು ನಿಂತಳು. ಟೀಚರು ಹೇಳಿದ ಹಾಗೆ ಅಳಲಿಲ್ಲ ಕೂಡ. ಅದನ್ನೇ ನಾನು ಎಂಟು ವರ್ಷ ನೆಂಟರ ಮುಂದೆ, ಅವಳೆದುರಿಗೇ, ನಗೆಚಾಟಿಕೆ ಮಾಡಿಕೊಂಡು ಬಂದಿದ್ದೆ. ಆಮೇಲೆ ಕನ್ನಡದ ಅರ್ಥ ತಿಳಿದ ಮೇಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಇಷ್ಟೂ ಕನ್ನಡ ಬರಲ್ವಾ ಅಂತ ನೀನು ಬೈತಿದ್ದೆ ಎಂದಳು. ನನಗೆ ಬಹಳ ನಾಚಿಕೆಯಾಯಿತು. ಕಿಟಕಿಯಾಚೆ ಗೋದಾವರಿ ಮುಗಿಯುವವರೆಗೂ ಅವಳ ಕೈ ಹಿಡಿದು ಕೂತೆ, ಅವಳು ಬಿಡಿಸಿಕೊಳ್ಳಲಿಲ್ಲ.

ಆ ಕತೆಯನ್ನು ನೆಂಟರ ಪಟ್ಟಿಯಿಂದ ತೆಗೆದುಹಾಕಿದ್ದೇನೆ. ಎರಡು ಭಾಷೆಗಳ ನಡುವೆ ನಿಂತವರ ಕಿವಿಗೆ ನಮ್ಮ ಮಾತು ಏನಾಗಿ ತಲುಪುತ್ತದೆಂದು ಕೂಗುವ ಮೊದಲು ಯೋಚಿಸಬೇಕೆಂಬುದು ಥಾಯ್ ಜನಕ್ಕೆ ಕ್ರಿಕೆಟ್ ಕಲಿಸಲು ಹೋಗಿ ನಾನು ಕಲಿತ ಪಾಠ.

ಮರುದಿನ ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆಯಿತು, ಎರಡನೆಯ ಚಪ್ಪಲಿ ಎಂದಿನಂತೆ ಸಿಗಲಿಲ್ಲ. ಲೋಟ ಹಿಡಿದು ಬಾಲ್ಕನಿಗೆ ಬಂದ ನಾನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮೇಘನಾ ಗೇಟಿನ ಬಳಿ ನಿಂತು ಮೇಲೆ ನೋಡಿದಳು.

“ಹೇಳಪ್ಪಾ,” ಎಂದಳು, “ಈಗ ಕನ್ನಡದಲ್ಲೇ ಕೇಳುತ್ತೆ.”

‘ಓಡು’ ಎಂದೆ. ಅವಳು ಓಡಿದಳು.