ಕಾಲು ತಾಗಿತು, ಕ್ಷಮಿಸಿ

ಮಂಗಳವಾರ ಮತ್ತು ಗುರುವಾರ ಸಂಜೆ ಏಳು ಗಂಟೆಗೆ ನೀವು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ. ಸೊಕ್ಕು ಎಂದು ತಿಳಿಯಬೇಡಿ. ಆ ಹೊತ್ತಿನಲ್ಲಿ ನನ್ನ ಹೊಟ್ಟೆಯ ಮೇಲೆ ಒಬ್ಬ ಕಿಂಡರ್‌ಗಾರ್ಟನ್ ಟೀಚರ್ ಕೂತಿರುತ್ತಾಳೆ. ಹೆಸರು ಬ್ರಿಯಾನಾ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಗಾತ್ರದಲ್ಲಿ ನನಗಿಂತ ಬಹಳ ದೊಡ್ಡವಳು. ಎರಡು ಮೊಣಕಾಲನ್ನೂ ನನ್ನ ಪಕ್ಕೆಗಳ ಆಚೀಚೆ ಊರಿಕೊಂಡು, ಮಕ್ಕಳಿಗೆ ಕಥೆ ಹೇಳಲು ಕೂತಷ್ಟೇ ನಿರಾಳವಾಗಿ ಕೂತಿರುತ್ತಾಳೆ. ನಾನು ಕೆಳಗಿನಿಂದ ಸೀಲಿಂಗ್ ನೋಡುತ್ತಿರುತ್ತೇನೆ. ಇದಕ್ಕೆ ಬ್ರೆಜಿಲಿಯನ್ ಜಿಯು-ಜಿತ್ಸು ಎನ್ನುತ್ತಾರೆ.

ಬ್ರೆಜಿಲ್ ಎಂದರೆ ಕಾಫಿಬೀಜ ಮತ್ತು ಫುಟ್‌ಬಾಲ್ ಎಂದಷ್ಟೇ ನಾನು ತಿಳಿದಿದ್ದೆ. ಜಪಾನಿನ ಒಂದು ಮಲ್ಲವಿದ್ಯೆ ಹಡಗು ಹತ್ತಿ ಬ್ರೆಜಿಲಿಗೆ ಹೋಯಿತಂತೆ. ಅಲ್ಲಿ ನೆಲಕ್ಕೆ ಬಿದ್ದ ಮೇಲಿನ ವ್ಯವಹಾರವನ್ನೇ ಮುಖ್ಯ ಮಾಡಿಕೊಂಡು, ಆಮೇಲೆ ಮಿಶಿಗನ್ನಿಗೂ ಬಂದು, ಸೌತ್‌ಫೀಲ್ಡಿನ ನನ್ನ ಆಫೀಸಿನಿಂದ ಮನೆಗೆ ಹೋಗುವ ದಾರಿಯ ಒಂದು ಸ್ಟ್ರಿಪ್ ಮಾಲಿನಲ್ಲಿ, ಬೇಕರಿಗೂ ಕನ್ನಡಕದ ಅಂಗಡಿಗೂ ನಡುವೆ ಬಿಡಾರ ಹೂಡಿದೆ. ನಾನೂ ಮೈಸೂರಿನಿಂದ ಹೊರಟು ಅಲ್ಲಿ ಇಲ್ಲಿ ತಂಗಿ ಇಲ್ಲಿಗೆ ಬಂದವಳಾದ್ದರಿಂದ ಆ ವಿದ್ಯೆಯ ಮೇಲೆ ಮೊದಲೇ ಸ್ವಲ್ಪ ಮಮತೆ ಇತ್ತು. ಆದರೆ ವರ್ಷಗಟ್ಟಲೆ ಅದರ ಮುಂದೆ ಡ್ರೈವ್ ಮಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ.

ಕಾಲಿಡಿಸಿದ್ದು ಮನೆ ಮುಂದಿನ ಮೇಲ್‌ಬಾಕ್ಸ್. ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಮನೆಯಿಂದಲೇ ಕೆಲಸ ಮಾಡುತ್ತಿದ್ದವಳು ಟಪಾಲು ತರೋಣವೆಂದು ಚಪ್ಪಲಿ ಮೆಟ್ಟಿಕೊಂಡು ಡ್ರೈವ್‌ವೇ ಇಳಿದೆ. ಹದಿನೈದು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ನೀರು ಕಲ್ಲಾಗುವ ಚಳಿಯಲ್ಲಿ, ಚಪ್ಪಲಿ ಮೆಟ್ಟುವವರಿಗೆ ಆಗಬೇಕಾದದ್ದೇ ಆಯಿತು. ಕಣ್ಣಿಗೆ ಕಾಣದ ಐಸಿನ ಮೇಲೆ ಜಾರಿ ಅಂಗಾತ ಬಿದ್ದೆ. ಮೂಳೆಗೀಳೆ ಮುರಿಯಲಿಲ್ಲ. ಆದರೆ ಏಳಲು ಆಗಲಿಲ್ಲ. ಕೈ ಊರಿದರೆ ಕೈ ಜಾರುತ್ತದೆ, ಕಾಲು ಊರಿದರೆ ಕಾಲು. ಮಗುಚಿ ಬಿದ್ದ ಜಿರಳೆಯ ಹಾಗೆ ಆಕಾಶ ನೋಡುತ್ತ ಒದ್ದಾಡಿದೆ. ಕೊನೆಗೆ ನಾಯಿಯನ್ನು ತಿರುಗಾಡಿಸಲು ಹೊರಟಿದ್ದ ನೆರೆಮನೆಯವರು ಬಂದು ಕೈ ಹಿಡಿದು ಎಬ್ಬಿಸಿದರು. ಅವರಿಗೆ ಎಂಬತ್ತು ವರ್ಷ.

ಬಿದ್ದದ್ದಕ್ಕಿಂತ ಹೆಚ್ಚಾಗಿ ಆಮೇಲೆ ನಡೆದದ್ದು ನನ್ನನ್ನು ಕೆರಳಿಸಿತು. ಡಿಯರ್‌ಬಾರ್ನಿನಲ್ಲಿ ಎಂಜಿನಿಯರ್ ಆಗಿರುವ ನಮ್ಮವರು ಆ ವಾರಾಂತ್ಯವೇ ಬಚ್ಚಲಮನೆಗೆ ಸ್ಟೀಲಿನ ಹಿಡಿಕೆ ಕೂರಿಸಿದರು. ಮೆಟ್ಟಿಲಿಗೆ ರಬ್ಬರ್ ಪಟ್ಟಿ ಬಂತು. ಟಪಾಲು ತರುವ ಅಧಿಕಾರ ನನ್ನ ಕೈತಪ್ಪಿತು. ಶಿಕಾಗೋದಲ್ಲಿರುವ ಮಗಳು ದಿನಾ ಫೋನ್ ಮಾಡಿ, "ಅಮ್ಮಾ, ಪ್ಲೀಸ್ ಡೋಂಟ್ ಗೋ ಔಟ್ ಅಲೋನ್" ಎನ್ನತೊಡಗಿದಳು. ಅದು ಅವಳು ತನ್ನ ಅಜ್ಜಿಯ ಜೊತೆ ಮಾತಾಡುವಾಗ ತೆಗೆಯುವ ದನಿ. ನನಗೆ ನಲವತ್ತೊಂಬತ್ತು. ಇಷ್ಟೆಲ್ಲ ಪ್ರೀತಿಯಿಂದ ಇನ್ನೊಂದು ವರ್ಷ ನನ್ನನ್ನು ನೋಡಿಕೊಂಡರೆ ನಾನೂ ಇದನ್ನು ನಂಬಿಬಿಡುತ್ತೇನೆಂದು ನಿಜವಾಗಿಯೂ ಭಯವಾಯಿತು. ಕೆಳಗೆ ಬಿದ್ದರೆ ನಾನೇ ಏಳಬಲ್ಲೆ ಎಂಬುದು ಬೇರೆ ಯಾರಿಗೂ ಅಲ್ಲ, ನನಗೆ ಗೊತ್ತಾಗಬೇಕಿತ್ತು.

"ನಿಂಗೆ ಬೇರೆ ಏನೂ ಸಿಗ್ಲಿಲ್ವಾ ವಸು? ಯೋಗ ಇದೆ, ಝುಂಬಾ ಇದೆ" ಎಂದರು ನಮ್ಮವರು, ಆ ಜಿಯು-ಜಿತ್ಸು ಅಖಾಡಕ್ಕೆ ಸೇರುತ್ತೇನೆಂದಾಗ.

"ಝುಂಬಾದಲ್ಲಿ ಯಾರೂ ಬೀಳಲ್ಲಾರೀ. ನಾನು ಕಲೀಬೇಕಾಗಿರೋದು ಏಳೋದನ್ನ" ಎಂದೆ.

ಅಖಾಡದ ಕೋಚ್ ಡ್ಯಾರೆಲ್‌ಗೂ ಅದನ್ನೇ ಹೇಳಿದೆ. ಕಪ್ಪು ಬೆಲ್ಟಿನ ಮಿತಭಾಷಿ. ಅವರು ನಗಲಿಲ್ಲ. "ಹಾಗಾದರೆ ಮೊದಲು ನಿಮ್ಮ ಮೇಲೆ ಯಾರನ್ನಾದರೂ ಕೂರಿಸಬೇಕು" ಎಂದು ಬ್ರಿಯಾನಾಳನ್ನು ಕರೆದರು. ಅವತ್ತೇ ಮನಸ್ಸಿನಲ್ಲಿ ಒಂದು ಹರಕೆ ಹೊತ್ತೆ. ಯಾರೂ ಕೈ ಕೊಡದೆ, ಯಾರೂ ಬಿಟ್ಟುಕೊಡದೆ, ಒಂದೇ ಒಂದು ಸಲ ಮೇಲೆ ಕೂತವರನ್ನು ಉರುಳಿಸಿ ನಾನು ಮೇಲೆ ಬರಬೇಕು. ಅಲ್ಲಿಯವರೆಗೆ ಈ ಜಾಗ ಬಿಡುವುದಿಲ್ಲ.

ಸುದ್ದಿ ನಮ್ಮ ಜನರಲ್ಲಿ ಹಬ್ಬಲು, ಎಲ್ಲರೂ ಒಂದೊಂದು ಅಡುಗೆ ತಂದು ಕೂಡುವ ಒಂದು ಪಾಟ್‌ಲಕ್ ಸಾಕಾಯಿತು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ಹುಬ್ಬಳ್ಳಿ ಕಡೆಯ ಡಾಕ್ಟರ್ ಸವಿತಾ ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ ಬಂದರು. "ಅಲ್ರೀ ವಸುಧಾ, ಕುಸ್ತಿ ಹಿಡ್ಯಾಕ ಹೊಂಟೀರಂತಲ್ರೀ? ನಮ್ಮೂರಾಗ ಗರಡಿಮನಿ ಕಡೆ ಹೆಣ್ಮಕ್ಳು ತಲಿ ಹಾಕಿ ಸುದ್ದಾ ಮಲಗ್ತಿರಲಿಲ್ರೀ!" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಮೊಣಕಾಲಿಗೆ ಏನರ ಆದ್ರ ನನಗ ಫೋನ್ ಹಚ್ರಿ" ಎಂದರು.

ಮೈಸೂರಿನಲ್ಲೂ ಅಷ್ಟೇ. ನಾನು ಬೆಳೆದ ಬೀದಿಯ ಕೊನೆಯಲ್ಲಿ ಒಂದು ಗರಡಿಮನೆಯಿತ್ತು. ತಗ್ಗು ಬಾಗಿಲು, ಒಳಗೆ ಕೆಂಪು ಮಣ್ಣಿನ ವಾಸನೆ. ದಸರೆಗೆ ಕುಸ್ತಿ ನೋಡುವುದೇನಿದ್ದರೂ ಅಣ್ಣಂದಿರ ಪಾಲು, ನಮ್ಮ ಪಾಲಿಗೆ ಬೊಂಬೆ ಕೂರಿಸುವುದು. ಜಟ್ಟಿಗಳ ನಾಡಾದರೂ ನಮ್ಮಲ್ಲಿ ಮಲ್ಲವಿದ್ಯೆಯಿಂದ ಮನೆಮನೆಗೆ ತಲುಪಿದ್ದು ಒಂದೇ ಗಾದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬಿದ್ದವನು ಹೇಗೆ ಎದ್ದ ಎಂಬುದರ ಬಗ್ಗೆ ಗಾದೆ ಕಟ್ಟಿದವರು ತಲೆ ಕೆಡಿಸಿಕೊಳ್ಳಲಿಲ್ಲ, ಅವರ ಗಮನವೆಲ್ಲ ಮೀಸೆಯ ಮೇಲೆ. ಮೀಸೆಯಿಲ್ಲದ ನಮ್ಮಂಥವರಿಗೆ ಆ ಸೌಲಭ್ಯವೂ ಇಲ್ಲ.

ಈ ಅಖಾಡದಲ್ಲಿ ಸೋಲಿಗೆ ಮರ್ಯಾದೆ ಹೆಚ್ಚು. ತಾಳಲಾಗದಿದ್ದರೆ ಎದುರಾಳಿಯ ಮೈಯನ್ನು ಕೈಯಿಂದ ಮೆಲ್ಲಗೆ ತಟ್ಟಬೇಕು. ತಟ್ಟಿದರೆ ಸೋತೆ ಎಂದರ್ಥ. ತಟ್ಟಿಸಿಕೊಂಡವರು ಆ ಕ್ಷಣವೇ ಬಿಡಬೇಕು. ಹೊಸಬರ ವಿಷಯದಲ್ಲಂತೂ ಬೆರಳು ಸೋಕಿದರೂ ಸಾಕು, ಬಿಟ್ಟು ಎದ್ದು ನಿಲ್ಲುತ್ತಾರೆ. ಎಷ್ಟು ಸುಸಂಸ್ಕೃತರು ಎಂದು ಮೆಚ್ಚಿಕೊಂಡೆ. ಅದೇ ನನಗೆ ಮುಳುವಾಗುತ್ತದೆಂದು ಗೊತ್ತಿರಲಿಲ್ಲ.

ಮೊದಲ ವಾರಗಳು ನೆಲದ ಮೇಲೆ ಸೊಂಟ ಜಾರಿಸುವುದರಲ್ಲಿ ಕಳೆದವು. ಅದಕ್ಕೆ ಅವರು ಇಟ್ಟ ಹೆಸರು ಶ್ರಿಂಪ್, ಅಂದರೆ ಸಿಗಡಿ. ಹುಟ್ಟಿದಾಗಿನಿಂದ ಸಿಗಡಿ ತಿನ್ನದವಳು ಈ ವಯಸ್ಸಿನಲ್ಲಿ ಸಿಗಡಿಯೇ ಆಗಿ ನೀಲಿ ಮ್ಯಾಟಿನ ಈ ತುದಿಯಿಂದ ಆ ತುದಿಗೆ ಹೋದೆ. ತೊಡುವ ಅಂಗಿ ಜಮಖಾನದಷ್ಟು ದಪ್ಪ; ಒಗೆದರೆ ಒಣಗಲು ಎರಡು ದಿನ ಬೇಕು. ಆಫೀಸಿನಲ್ಲಿ ಮೆಟ್ಟಿಲಿಳಿಯುವಾಗ "ಅಯ್ಯೋ, ಅಮ್ಮಾ" ಎನ್ನುತ್ತಿದ್ದೆ. ಆದರೂ ಬಿಡಲಿಲ್ಲ. ಬೇಕಿದ್ದರೆ ಇನ್ನೂ ನೋಯಲಿ ಎಂಬ ಹಟ ಬಂದಿತ್ತು.

ಆಮೇಲೆ ಆ ಪಟ್ಟು ಹೇಳಿಕೊಟ್ಟರು. ಮೇಲೆ ಕೂತವರ ಒಂದು ಕೈಯನ್ನು ನಿನ್ನ ಎರಡೂ ಕೈಗಳಿಂದ ಎದೆಗೆ ಅವುಚಿಕೋ. ಅದೇ ಬದಿಯ ಅವರ ಪಾದವನ್ನು ನಿನ್ನ ಪಾದದಿಂದ ಅಮುಕಿ ಹಿಡಿ. ಈಗ ಆ ಬದಿಗೆ ಅವರಿಗೆ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಸೊಂಟವೆತ್ತಿ ಹೊರಳು. ಹೇಳುವಾಗ ಎಷ್ಟು ಸುಲಭ ನೋಡಿ. ಕೈ ಅವುಚಿದೆ. ಪಾದದ ಮೇಲೆ ಪಾದ ಇಟ್ಟೆ. ಅಷ್ಟರಲ್ಲಿ ಬ್ರಿಯಾನಾ ಎದ್ದು ನಿಂತು, "ಏನಾಯಿತು? ನೋವಾಯಿತಾ?" ಎಂದಳು. ಇಲ್ಲವಲ್ಲ ಎಂದೆ. ಮತ್ತೆ ಕೂತಳು. ಮತ್ತೆ ಪಾದದ ಮೇಲೆ ಪಾದ, ಮತ್ತೆ ಎದ್ದಳು. ಹೀಗೇ ಎರಡು ಮೂರು ತರಗತಿ ನಡೆಯಿತು. ನಾನು ಹೊರಳುವ ಮುನ್ನವೇ ಎದುರಾಳಿ ಮಾಯವಾಗುತ್ತಿದ್ದಳು.

ಒಂದು ಸಂಜೆ ಕೋಚ್ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. "ವಸು, ಪಟ್ಟು ಚೆನ್ನಾಗಿ ಹಾಕುತ್ತೀರಿ. ಮರುಕ್ಷಣವೇ ಸೋತೆ ಅಂತ ತಟ್ಟುತ್ತೀರಿ. ಯಾಕೆ?" ಎಂದು ಕೇಳಿದರು.

ನಾನು ತಟ್ಟುವುದೇ? ಸುಳ್ಳು ಎನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ನನ್ನ ಪಾದ ಅವಳಿಗೆ ತಾಗಿದ್ದೇ ತಡ, ನನ್ನ ಬಲಗೈ ಹಿಡಿತ ಬಿಟ್ಟು ಅವಳ ಮೊಣಕಾಲು ಮುಟ್ಟಿ ನನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು! ಅದು ನನ್ನ ಅಪ್ಪಣೆ ಕೇಳುವ ಕೈಯಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ, ಮನೆಯಲ್ಲಿ ಪುಸ್ತಕಕ್ಕೆ, ಅಕ್ಕಿ ಅಳೆಯುವ ಪಾವಿಗೆ, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡೇ ಬೆಳೆದ ಕೈ. ಒಮ್ಮೆ ಆಫೀಸಿನ ಮೀಟಿಂಗ್‌ನಲ್ಲಿ ಮೇಜಿನಡಿ ಮ್ಯಾನೇಜರರ ಲ್ಯಾಪ್‌ಟಾಪ್ ಬ್ಯಾಗಿಗೆ ಕಾಲು ತಾಗಿ, ನಾನು ಬಗ್ಗಿ ಬ್ಯಾಗು ಮುಟ್ಟಿ ಕಣ್ಣು ಮುಟ್ಟಿಕೊಂಡಾಗ ಅವರು ನನ್ನ ಕಾಂಟ್ಯಾಕ್ಟ್ ಲೆನ್ಸ್ ಬಿತ್ತೆಂದು ಕಾರ್ಪೆಟ್ಟೆಲ್ಲ ಹುಡುಕಿದ್ದರು. ನಮ್ಮಲ್ಲಿ ಕಾಲಿಗೂ ಇನ್ನೊಬ್ಬರಿಗೂ ವ್ಯವಹಾರವೇ ಕಡಿಮೆ. ಹಿರಿಯರ ಕಾಲಿಗೆ ಬೀಳಬಹುದು. ನಮ್ಮ ಕಾಲು ಯಾರಿಗೂ ತಾಗಕೂಡದು. ಇಲ್ಲಿ ನೋಡಿದರೆ ವಿದ್ಯೆಯೇ ಕಾಲಿನದು. ಕಾಲಿನಿಂದ ತಳ್ಳು, ಅಮುಕು, ಕೊಕ್ಕೆ ಹಾಕು. ಪ್ರತಿ ಅಪರಾಧಕ್ಕೂ ಅಲ್ಲಲ್ಲೇ ಕ್ಷಮೆ ಕೇಳಿಕೊಂಡು ಬಂದರೆ ಕುಸ್ತಿ ನಡೆಯುವುದು ಹೇಗೆ?

ವಿಷಯ ಕೇಳಿ ಬ್ರಿಯಾನಾಗೆ ಕಣ್ಣು ತುಂಬಿ ಬಂತು. ಕೋಚ್ ಗಡ್ಡ ಕೆರೆದುಕೊಂಡರು. "ಒಳ್ಳೆಯ ಅಭ್ಯಾಸ. ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಲು ಆಗುವುದಿಲ್ಲವೇ?" ಎಂದರು.

ಮನೆಗೆ ಹೋಗುವಾಗ, ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಹೋಗುವಷ್ಟು ಅದನ್ನೇ ಯೋಚಿಸಿದೆ. ನಮ್ಮ ಹಿರಿಯರು ಈ ತೊಡಕನ್ನು ಎಂದೋ ಬಿಡಿಸಿಟ್ಟಿದ್ದಾರೆ. ಭೂಮಿ ತಾಯಿ, ತಾಯಿಯನ್ನು ದಿನವಿಡೀ ತುಳಿಯದೆ ಗತಿಯಿಲ್ಲ. ಹೆಜ್ಜೆ ಹೆಜ್ಜೆಗೂ ಬಗ್ಗಿ ಮುಟ್ಟುತ್ತ ಕೂತರೆ ಮನೆಯ ಹೊಸಿಲೂ ದಾಟಲಾಗದು. ಆದ್ದರಿಂದ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುನ್ನ ಒಮ್ಮೆ ನೆಲ ಮುಟ್ಟಿ, ಇಡೀ ದಿನದ ತುಳಿತಕ್ಕೆ ಮುಂಗಡವಾಗಿ ಕ್ಷಮೆ ಕೇಳಿಬಿಡುವುದು. ನನ್ನ ಅಜ್ಜಿ ಹಾಗೆ ಕೇಳಿಕೊಂಡ ಮೇಲೆ ರಾತ್ರಿಯವರೆಗೂ ಮನೆಯೆಲ್ಲ ಧಡಧಡನೆ ಓಡಾಡುತ್ತಿದ್ದರು. ಭಕ್ತಿಯಲ್ಲೂ ಎಂಥ ಅನುಕೂಲ!

ಮುಂದಿನ ತರಗತಿಯಿಂದ ಅದೇ ಕ್ರಮ. ಆಟ ಶುರುವಾಗುವ ಮುಂಚೆ ಬ್ರಿಯಾನಾಳ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಆಮೇಲೆ ತುಳಿಯುವುದೇ ಕೆಲಸ. ಆದರೂ ಪಾಪದ ಕೈ ಕೆಲವು ದಿನ ತಡಬಡಾಯಿಸಿತು. ಅದಕ್ಕೆ ಅವಳ ತೋಳನ್ನು ಬಿಡದಂತೆ ಬೆರಳು ಬೆಳ್ಳಗಾಗುವವರೆಗೆ ಹಿಡಿಯುವ ಶಿಕ್ಷೆ ಕೊಟ್ಟೆ.

ಒಂದು ಗುರುವಾರ ಬ್ರಿಯಾನಾ ಉರುಳಿದಳು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಅವಳ ಮುಖ ನೋಡಿದೆ. ಮಗಳು ಚಿಕ್ಕವಳಿದ್ದಾಗ ಚೌಕಾಬಾರದಲ್ಲಿ ಅವಳಿಗೆ ಎಷ್ಟೋ ಸಲ ಸೋತುಕೊಟ್ಟವಳು ನಾನು. ಸೋತುಕೊಡುವವರ ಮುಖ ನನಗೆ ಗೊತ್ತು. ಹುಬ್ಬು ಸ್ವಲ್ಪ ಹೆಚ್ಚೇ ಏರಿರುತ್ತದೆ. ಮನೆಯ ಹಿಡಿಕೆ, ರಬ್ಬರ್ ಪಟ್ಟಿ ಎಲ್ಲವೂ ಆ ಹುಬ್ಬಿನಲ್ಲಿ ಕಂಡವು. ಸಿಟ್ಟು ನೆತ್ತಿಗೇರಿತು.

"ನೀನು ಬಿಟ್ಟುಕೊಟ್ಟೆ" ಎಂದೆ.

ಅವಳು ಕೆಂಪಾದಳು. "ನೀವು ಇಷ್ಟು ಕಷ್ಟಪಡುವುದು ನೋಡಿ ನಮ್ಮಮ್ಮನ ನೆನಪಾಯಿತು."

"ನಿಮ್ಮಮ್ಮನನ್ನು ಮನೆಗೆ ಹೋಗಿ ಮುದ್ದು ಮಾಡು. ಇಲ್ಲಿ ನನ್ನ ಮೇಲೆ ಸರಿಯಾಗಿ ಕೂರು."

ಅವತ್ತಿನಿಂದ ಅವಳು ನಿಜವಾಗಿ ಕೂತಳು. ಅಲ್ಲಿಯವರೆಗೆ ಅವಳು ತನ್ನ ಅರ್ಧ ಭಾರವನ್ನು ತಾನೇ ಹೊತ್ತುಕೊಂಡಿದ್ದಳೆಂದು ಆಗ ತಿಳಿಯಿತು. ಉಸಿರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬೇಸಿಗೆ ಬಂತು, ಮುಗಿಯಿತು. ನಾನು ಸೊಂಟ ಎತ್ತುತ್ತಿದ್ದೆ, ಅವಳು ಕೈ ಊರಿ ತಡೆಯುತ್ತಿದ್ದಳು. ಸೋತು ತಟ್ಟುತ್ತಿದ್ದೆ, ಈಗ ಅದು ನಿಜವಾದ ತಟ್ಟುವಿಕೆ. "ಸಾಕು ಮಾಡೇ, ಮೊಣಕೈ ಎಲ್ಲ ನೀಲಿಯಾಗಿದೆ" ಎಂದು ನಮ್ಮವರು ಎಣ್ಣೆ ಬಿಸಿ ಮಾಡಿ ತಂದರು. ಎಣ್ಣೆ ಹಚ್ಚಿಸಿಕೊಂಡೆ, ಸಾಕು ಮಾಡಲಿಲ್ಲ.

ಮೊನ್ನೆ ಮಂಗಳವಾರ ಅವಳ ಬಲಗೈ ನನ್ನ ಕಾಲರಿಗೆ ಬಂತು. ಎರಡೂ ಕೈಯಲ್ಲಿ ಅವುಚಿಕೊಂಡೆ. ಅವಳ ಪಾದವನ್ನು ಅಮುಕಿದೆ. ಅವಳು ಕೈ ಎಳೆದುಕೊಳ್ಳಲು ಜಗ್ಗಿದಳು. ನಾನು ಬಿಡಲಿಲ್ಲ. ಹಲ್ಲು ಕಚ್ಚಿ ಸೊಂಟವೆತ್ತಿ ಭುಜದ ಮೇಲೆ ಹೊರಳಿದೆ. ಸೀಲಿಂಗ್ ಹೋಗಿ ಗೋಡೆ ಬಂತು, ಗೋಡೆ ಹೋಗಿ ಮ್ಯಾಟ್ ಬಂತು, ಮ್ಯಾಟಿನ ಮೇಲೆ ಬ್ರಿಯಾನಾಳ ಮುಖವಿತ್ತು. ಹುಬ್ಬು ಗಂಟಿಕ್ಕಿತ್ತು. ಅವಳಿಗೆ ಒಂಚೂರೂ ಇಷ್ಟವಾಗಿರಲಿಲ್ಲ. ಅಷ್ಟು ಸುಂದರವಾದ ಮುಖವನ್ನು ನಾನು ಈಚೆಗೆ ನೋಡಿಲ್ಲ. ನನಗೆ ಅಳುವೇ ಬಂತು.

ಆದರೆ ಮುಂದೇನು? ಇಷ್ಟು ತಿಂಗಳೂ ಮೇಲೆ ಬರುವುದೊಂದನ್ನೇ ಯೋಚಿಸಿದ್ದೆ; ಬಂದ ಮೇಲೆ ಏನು ಮಾಡಬೇಕೆಂದು ಕಲಿತಿರಲಿಲ್ಲ. ಮೊದಲ ಸಲ ಬೀಗರ ಮನೆಗೆ ಹೋದವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಅವಳ ಕಾಲುಗಳ ನಡುವೆ ಕೂತೆ. ಬ್ರಿಯಾನಾ ಸ್ವಲ್ಪ ಕಾದು ನೋಡಿದಳು. ಆಮೇಲೆ ಎರಡೂ ಕಾಲನ್ನು ಕತ್ತರಿಯಾಡಿಸಿ ನನ್ನನ್ನು ಪಕ್ಕಕ್ಕೆ ಕೆಡವಿ, ಹೊಟ್ಟೆಯ ಮೇಲೆ ಹತ್ತಿ ಕೂತಳು.

ಮತ್ತೆ ಕೆಳಗೆ. ಆದರೆ ನಿಮಗೆ ಹೇಳುತ್ತೇನೆ, ಇದು ಆ ಕೆಳಗಲ್ಲ. ಇಷ್ಟು ದಿನ ನಾನು ಸುಮ್ಮನೆ ಕೆಳಗಿದ್ದವಳು. ಅವತ್ತು ಮೊದಲ ಬಾರಿಗೆ ಮೇಲಿನಿಂದ ಬಿದ್ದವಳು. ಒಳಗೊಳಗೇ ನಗು ಬಂದು ಹೊಟ್ಟೆ ಕುಲುಕಿತು, ಮೇಲೆ ಕೂತ ಬ್ರಿಯಾನಾಳೂ ಕುಲುಕಿದಳು.

"ನೀವು ಸರಿಯಾಗಿದ್ದೀರಿ ತಾನೆ?" ಎಂದು ಕೇಳಿದಳು.

ಗೋಡೆಯ ಗಡಿಯಾರದಲ್ಲಿ ಇನ್ನೂ ಸಮಯವಿತ್ತು. "ಮಾತು ಬೇಡ, ಭದ್ರವಾಗಿ ಕೂರು" ಎಂದು ಅವಳ ಕೈ ಬರುವುದನ್ನೇ ಕಾದೆ.